ಉಣಿಸಿದ ಗಂಟೆಗಳು

ಒಂದು ಗಂಟೆಯ ಕಲಿಕೆಯನ್ನು ಯಾವುದರಿಂದ ಅಳೆಯಬೇಕು? ಹೊನ್ನಾವರದ ಒಂದು ಚಿಕ್ಕ ಧರ್ಮಾಸ್ಪತ್ರೆಯ ಹಿಂಭಾಗದಲ್ಲಿ, ಸೀಮೆಎಣ್ಣೆ ಸ್ಟೋವಿನ ಮುಂದೆ ನಿಂತು, ನಾನು ಈ ಪ್ರಶ್ನೆಯನ್ನು ಮೊದಲ ಬಾರಿ ಗಂಭೀರವಾಗಿ ಕೇಳಿಕೊಂಡೆ. ಆಗ ನಾನು ಅದೇ ಊರಿನ ಶಾಲೆಯೊಂದರಲ್ಲಿ ಶಿಕ್ಷಕಿ. ಧಾರವಾಡದ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಪಳಗಿ, ಸರಿಯಾಗಿ ಜೋಡಿಸಿದ ಮೂರು ವಾದಗಳ ಎದುರು ಯಾವ ಅನ್ಯಾಯವೂ ನಿಲ್ಲಲಾರದು ಎಂಬ ನಂಬಿಕೆಯೊಡನೆ ಜಿಲ್ಲೆಗೆ ಮರಳಿದ್ದೆ. ಜಿಲ್ಲೆಯೂ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಎಲ್ಲವನ್ನೂ ಹೊಸದಾಗಿ ಆರಂಭಿಸಬಹುದು ಎಂದು ತೋರುತ್ತಿದ್ದ ಕಾಲ ಅದು.

ನನ್ನ ಬಾಡಿಗೆಯ ಮನೆಯ ಇನ್ನೊಂದು ಕೋಣೆಯಲ್ಲಿ ಇದ್ದವಳು ಕೊಲಂಬೊದಲ್ಲಿ ನರ್ಸಿಂಗ್ ಕಲಿತು ಬಂದ ಹುಡುಗಿ. ಅವಳ ತಂದೆ ಭಟ್ಕಳದ ಪಕ್ಕದ ಜಾಲಿಯವರು. ಭಟ್ಕಳದ ಸಾಹುಕಾರರೊಬ್ಬರ ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಕೊಲಂಬೊಗೆ ಹೋಗಿ ಅಲ್ಲಿಯೇ ಸಂಸಾರ ಹೂಡಿದವರು. ತಾಯಿ ತೀರಿಕೊಂಡ ಮೇಲೆ, ಸಿಂಹಳದಲ್ಲಿ ನಮ್ಮ ಜನರಿಗೆ ನೆಲೆ ಕಷ್ಟವಾಗುತ್ತ ಬಂದಂತೆ, ತಂದೆ ಮಗಳು ಇಬ್ಬರೂ ಊರಿಗೆ ಮರಳಿದ್ದರು. ಅವಳ ಕನ್ನಡ ತಂದೆಯಿಂದ ಕಲಿತದ್ದು. ಅಂಗಡಿಯ ಗಿರಾಕಿಯೊಡನೆ ಆಡುವಂತೆ ವಿನಯವಾದದ್ದು, ಅಳೆದದ್ದು.

ನರ್ಸಿಂಗ್ ಮಂಡಳಿಯವರು ಅವಳ ಪರದೇಶದ ತರಬೇತಿಯನ್ನು ವಿಷಯ ವಿಷಯವಾಗಿ ತೂಗಿ ನೋಡಿ, ಎಲ್ಲವೂ ಸರಿ, ರೋಗಿಗಳ ಆಹಾರ ಎಂಬ ವಿಷಯದಲ್ಲಿ ಮಾತ್ರ ಗಂಟೆಗಳು ಸಾಲವು ಎಂದಿದ್ದರು. ಇನ್ನೂ ಅರವತ್ತು ಗಂಟೆ ಆಸ್ಪತ್ರೆಯೊಂದರಲ್ಲಿ, ಹಿರಿಯ ನರ್ಸಿನ ಕಣ್ಣೆದುರು, ಪಥ್ಯದ ಆಹಾರವನ್ನು ಸಿದ್ಧಪಡಿಸಿ ರೋಗಿಗಳಿಗೆ ಉಣಿಸಬೇಕು. ಅಷ್ಟಾದರೆ ಹೆಸರು ದಾಖಲಾಗುತ್ತದೆ. ದೀಪಾವಳಿಯೊಳಗೆ ದಾಖಲಾದರೆ ಭಟ್ಕಳದ ದವಾಖಾನೆಯಲ್ಲಿ ಖಾಲಿಯಿದ್ದ ನರ್ಸಿನ ಜಾಗ ಅವಳಿಗೆ ಸಿಗುವುದು ಬಹುಮಟ್ಟಿಗೆ ಖಚಿತ. ಆಗದಿದ್ದರೆ ಅವಳು ಎಲ್ಲಿಯೂ ನರ್ಸ್ ಅಲ್ಲ: ಕೊಲಂಬೊಗೆ ಹಿಂದಿರುಗುವಂತಿಲ್ಲ, ಇಲ್ಲಿ ಸೂಜಿ ಮುಟ್ಟುವಂತಿಲ್ಲ.

ನಮ್ಮ ಮನೆಯ ಒಡತಿಗೆ ಇದನ್ನು ವಿವರಿಸಿದಾಗ ಆಕೆ ಬಹಳ ಹೊತ್ತು ನಕ್ಕಳು.

"ಅಡಿಗಿ ಮಾಡೂಕೆ ಬರೂದಿಲ್ಲ ಹೇಳಿ ನಪಾಸು ಮಾಡಿದ್ರಾ? ನಮ್ಮಲ್ಲಿ ಅದು ಅತ್ತೆದಿಕ್ಕಳು ಮಾಡೂ ಕೆಲಸ. ಸರ್ಕಾರನೂ ಅತ್ತೆ ಆತಾ ಈಗ?"

ಆದರೆ ಕಷ್ಟ ಇದ್ದದ್ದು ಅಡಿಗೆಯಲ್ಲಿ ಅಲ್ಲವೆಂದು ಆಸ್ಪತ್ರೆಗೆ ಹೋದ ಮೊದಲ ವಾರವೇ ತಿಳಿಯಿತು. ಆ ಆಸ್ಪತ್ರೆಗೆ ಅಡಿಗೆಮನೆಯೇ ಇರಲಿಲ್ಲ, ಅದರ ಅಗತ್ಯವನ್ನು ಯಾರೂ ಕಂಡಿರಲೂ ಇಲ್ಲ. ರೋಗಿಯ ಗಂಜಿ ರೋಗಿಯ ಮನೆಯಿಂದ ಬರತಕ್ಕದ್ದು. ಹತ್ತಿರದವರು ಕೈಯಲ್ಲಿ ತರುತ್ತಿದ್ದರು. ಹಳದೀಪುರದ ಕಡೆಯವರು ಬೆಳಗಿನ ಬಸ್ಸಿಗೆ ಕೊಡುತ್ತಿದ್ದರು. ಬಟ್ಟೆ ಬಿಗಿದ ಹಿತ್ತಾಳೆ ತಂಬಿಗೆಗಳು ಕಂಡಕ್ಟರನ ಸೀಟಿನ ಕೆಳಗೆ ಸಾಲಾಗಿ ಕುಳಿತು ಬರುತ್ತಿದ್ದವು. ಯಾರ ತಂಬಿಗೆ ಯಾವುದೆಂದು ಬಟ್ಟೆಯ ಗಂಟಿನಿಂದಲೇ ಆತ ಗುರುತಿಸುತ್ತಿದ್ದ. ಟೈಫಾಯ್ಡ್ ಬಂದು ಕರುಳು ಹುಣ್ಣಾದವರಿಗೂ ಗಟ್ಟಿ ಕುಚ್ಚಲಕ್ಕಿ ಗಂಜಿ, ಮೇಲೊಂದು ಮಿಡಿ ಉಪ್ಪಿನಕಾಯಿ ಬರುತ್ತಿತ್ತು. ಡಾಕ್ಟರು ಬೈಯುತ್ತಿದ್ದರು, ಬಸ್ಸು ಮರುದಿನವೂ ಬರುತ್ತಿತ್ತು.

ಈ ಏರ್ಪಾಟಿನ ನಡುವೆ ಅವಳು ಹಿಂಭಾಗದ ಜಗಲಿಯಲ್ಲಿ ಸ್ಟೋವು ಹಚ್ಚಿ ಬಾರ್ಲಿ ನೀರು ಕಾಸಿದಳು, ಕೂವೆಗಡ್ಡೆಯ ಹಿಟ್ಟಿನ ತೆಳು ಗಂಜಿ ಮಾಡಿದಳು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗಿ ನೋಡುತ್ತಿದ್ದೆ. ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಅವಳು ಹೆಂಗಸರ ವಾರ್ಡಿಗೆ ಹೋಗುತ್ತಿದ್ದಳು. ಅಷ್ಟೂ ಲೋಟಗಳು ತುಂಬಿದಂತೆಯೇ ಹಿಂದಕ್ಕೆ ಬರುತ್ತಿದ್ದವು. ಯಾರೂ ಒರಟಾಗಿ ಆಡುತ್ತಿರಲಿಲ್ಲ. "ಈಗ್ಲೇ ಕುಡ್ದೆ ತಂಗಿ", "ಹೊಟ್ಟೆ ತುಂಬ್ಯದೆ", "ಸಂಜೆಗೆ ನೋಡ್ವಾ". ಆಮೇಲೆ ಮೆಲ್ಲಗೆ, "ನಿಮ್ದು ಯಾವೂರು? ಯಾರ ಪೈಕಿ?"

"ಕೊಲಂಬೊ," ಎನ್ನುತ್ತಿದ್ದಳು ಅವಳು.

ಆ ಉತ್ತರದಿಂದ ಯಾರಿಗೂ ಏನೂ ಬಗೆಹರಿಯುತ್ತಿರಲಿಲ್ಲ. ಜಾತಿ ತಿಳಿದಿದ್ದರೆ ಕೆಲವರು ಕುಡಿಯುತ್ತಿದ್ದರು, ಕೆಲವರು ಬಿಡುತ್ತಿದ್ದರು. ತಿಳಿಯದಿದ್ದುದರಿಂದ ಎಲ್ಲರೂ ಬಿಟ್ಟರು. ಜಾತಿ ಕೇಳಿದವರಿಗೆ ಉತ್ತರ ಕೊಡಬಾರದು ಎಂಬುದು ನನ್ನ ದೃಢವಾದ ಸಲಹೆಯಾಗಿತ್ತು.

ಆ ಅರವತ್ತು ಗಂಟೆಗಳಿಗೆ ಸಹಿ ಹಾಕಬೇಕಾಗಿದ್ದವರು ಮಂಗಳೂರು ಕಡೆಯ ಹಿರಿಯ ಸಿಸ್ಟರ್. ಕೆಲಸದಲ್ಲಿ ಕಟ್ಟುನಿಟ್ಟಿನವರು. ರೋಗಿ ಕುಡಿಯದ ದಿನದ ಗಂಟೆಯನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಮೊದಲ ವಾರ ಮುಗಿದಾಗ ಲೆಕ್ಕದಲ್ಲಿ ಒಂದೇ ಒಂದು ಗಂಟೆಯೂ ಇರಲಿಲ್ಲ.

ನಾನು ವಾದಕ್ಕೆ ನಿಂತೆ. "ಸಿಸ್ಟರ್, ಸಿದ್ಧಪಡಿಸುವುದು ಅಭ್ಯರ್ಥಿಯ ಕ್ರಿಯೆ. ಕುಡಿಯುವುದು ರೋಗಿಯ ಕ್ರಿಯೆ. ಒಬ್ಬರ ಕ್ರಿಯೆಗೆ ಇನ್ನೊಬ್ಬರನ್ನು ಪರೀಕ್ಷಿಸುವುದು ನ್ಯಾಯವೇ?"

"ಇಂಜೆಕ್ಷನ್ನಿನ ಮದ್ದು ಸಿರಿಂಜಿಗೆ ತುಂಬಿಸಿ ಮೇಜಿನ ಮೇಲೆ ಇಟ್ಟರೆ ಹಾಕಿದ ಹಾಗೆ ಆಯಿತಾ ಟೀಚರ್?"

"ರೋಗಿ ತೋಳು ಕೊಡದಿದ್ದರೆ ಅದು ನರ್ಸಿನ ತಪ್ಪೇ?"

"ತಪ್ಪು ಅಂತ ನಾನು ಎಲ್ಲಿ ಹೇಳಿದೆ? ಗಂಟೆ ಆಗಲಿಲ್ಲ ಅಂತ ಹೇಳಿದೆ. ನಿಮ್ಮ ಮಾತು ಚಂದ ಉಂಟು. ನೀವು ಗೆದ್ದಿರಿ ಅಂತ ಬೇಕಾದರೆ ಬರೆದು ಕೊಡ್ತೇನೆ. ಇದಕ್ಕೆ ಸಹಿ ಹಾಕುವುದಿಲ್ಲ."

ಗೆದ್ದೂ ಏನೂ ಸಿಗದ ಚರ್ಚೆ ನನಗೆ ಹೊಸದು. ಆದರೆ ಆ ಸಿರಿಂಜಿನ ದೃಷ್ಟಾಂತ ತಲೆಯಲ್ಲಿ ಉಳಿಯಿತು. ನನ್ನ ತರಗತಿಯಲ್ಲಿ ನಾನು ಪಾಠ ಹೇಳಿದ ಗಂಟೆಗಳೆಷ್ಟು, ಹುಡುಗಿಯರೊಳಗೆ ಇಳಿದ ಗಂಟೆಗಳೆಷ್ಟು? ಗಂಟೆ ಬಾರಿಸುವ ಜವಾನ ಮೊದಲನೆಯದನ್ನು ಮಾತ್ರ ಎಣಿಸುತ್ತಿದ್ದ.

ಸಿಸ್ಟರನ್ನು ಒಲಿಸಲಾಗದೆ ನಾನು ರೋಗಿಗಳನ್ನೇ ಒಪ್ಪಿಸಲು ಹೊರಟೆ. ಡಾಕ್ಟರ ಅನುಮತಿ ಪಡೆದು, ಒಂದು ಭಾನುವಾರ ವಾರ್ಡಿನ ನಡುವೆ ನಿಂತು ಪಥ್ಯದ ಶಾಸ್ತ್ರವನ್ನೂ ಸಹಭೋಜನದ ತತ್ವವನ್ನೂ ಕುರಿತು ಮಾತಾಡಿದೆ. ಮಲಗಿದವರು ಮಲಗಿಯೇ ಕೇಳಿದರು. ಹೆಚ್ಚು ಗಮನವಿಟ್ಟು ಕೇಳಿದವರು ಕಿಟಕಿಯ ಬಳಿಯ ಹಾಸಿಗೆಯ, ಘಟ್ಟದ ಬುಡದ ತೋಟದ ಮನೆಯೊಂದರ ಹಿರಿಯ ಹೆಂಗಸು. ನಮ್ಮ ಜಾತಿಯವರೇ, ನಮ್ಮ ಮನೆಯ ಮಾತನ್ನೇ ಆಡುವವರು. ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದರು.

"ಭಾಷಣ ಚೊಲೊ ಆತು ತಂಗಿ. ಮನೇಲಿ ಅಪ್ಪಯ್ಯನ ಎದ್ರಿಗೆ ಒಂದ್ಸಲ ಮಾಡಿದ್ಯ ಇದ್ನ?"

ಮಾಡಿದ್ದೆ. ಅಪ್ಪಯ್ಯ ಕೊನೆತನಕ ಕೇಳಿ, "ಉಚ್ಚಾರ ಸ್ಪಷ್ಟ ಇದ್ದು" ಎಂದಿದ್ದರು. ಅದನ್ನು ಹೇಳಿದೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಕಾಯಿಲೆಗೆ ನಗುವುದು ಒಳ್ಳೆಯದಾಗಿರಲಿಲ್ಲ. ಆಮೇಲೆ, "ಆನು ಕುಡೀತ್ನಿಲ್ಲೆ. ಬೇಜಾರು ಮಾಡ್ಕ್ಯಳಡ," ಎಂದು ಗೋಡೆಯ ಕಡೆಗೆ ತಿರುಗಿದರು.

ಅಂದು ಸಂಜೆ ಮನೆಯ ಮೆಟ್ಟಿಲ ಮೇಲೆ ಕುಳಿತಾಗ ಕೊಲಂಬೊದ ಹುಡುಗಿ ಕೇಳಿದಳು: "ಜಾತಿ ಹೇಳಿಬಿಟ್ಟರೆ ಅರ್ಧ ವಾರ್ಡಾದರೂ ಕುಡಿಯುತ್ತದಲ್ಲ ಅಕ್ಕಾ?"

"ಅರ್ಧ ವಾರ್ಡಿಗೋಸ್ಕರ ನೀನು ಆ ಪ್ರಶ್ನೆಯನ್ನು ಒಪ್ಪಿಕೊಂಡಂತೆ ಆಗುತ್ತದೆ."

"ಆಗಲಿ. ನನ್ನ ಕಷ್ಟ ಬೇರೆ. ಯಾವುದನ್ನು ಹೇಳಲಿ? ಅಪ್ಪನದು ಒಂದು, ಅಮ್ಮನದು ಒಂದು. ಕೊಲಂಬೊದಲ್ಲಿ ನಾವು ಇಂಡಿಯಾದವರು, ಅಷ್ಟೇ. ನಿಮ್ಮ ತತ್ವ ಒಳ್ಳೆಯದೇ. ಆದರೆ ಗಂಟೆ ಕಳೆದುಕೊಳ್ಳುತ್ತಿರುವುದು ನಾನು," ಎಂದಳು. ಅವಳ ಅಳೆದ ಕನ್ನಡದಲ್ಲಿ ಅದು ದೂರಿನಂತೆ ಕೇಳಲಿಲ್ಲ, ತಕ್ಕಡಿಯಲ್ಲಿಟ್ಟು ತೂಕ ಹೇಳಿದಂತಿತ್ತು. ಸಲಹೆಯನ್ನು ನಾನು ಹಿಂದಕ್ಕೆ ಪಡೆದೆ. ನಿನಗೆ ತಿಳಿದಂತೆ ಮಾಡು ಎಂದೆ. ಅವಳು ಏನು ಮಾಡುವಳೆಂದು ನೋಡುವ ಕುತೂಹಲವೂ ನನ್ನಲ್ಲಿ ಇತ್ತು.

ಎರಡು ಮೂರು ದಿನಗಳ ಮೇಲೆ, ನಾನು ವಾರ್ಡಿನಲ್ಲಿ ಇದ್ದಾಗಲೇ, ಹಳದೀಪುರದ ಒಬ್ಬ ಮುದುಕಿ ತಟ್ಟೆಯ ಕಡೆ ನೋಡಿ ಎಂದಿನ ಪ್ರಶ್ನೆ ಹಾಕಿದಳು. ಟೈಫಾಯ್ಡಿನಿಂದ ಸೋತು ಕಡ್ಡಿಯಾಗಿದ್ದ ದೇಹ. ನಾಲಿಗೆ ಮಾತ್ರ ಸೋತಿರಲಿಲ್ಲ.

"ಯಾವೂರು ಹೇಳ್ದೆ ತಂಗಿ ನೀನು?"

"ಕೊಲಂಬೊ."

"ಅದು ದುಡಿಯೂಕೆ ಹೋಗೂ ಊರು. ಅಬ್ಬೆ ಊರು ಯಾವುದು?"

"ಹಳದೀಪುರ."

ಮುದುಕಿ ಮೊಣಕೈ ಊರಿ ಎದ್ದಳು. "ಹಳದೀಪುರದಲ್ಲಿ ಎಲ್ಲಿ? ಯಾರ ಮನೆ?"

"ನಾನು ನೋಡಿಲ್ಲ. ಮನೆಯ ಹಿಂದೆ ಕೆರೆ, ಕೆರೆಯ ದಂಡೆಯಲ್ಲಿ ಎರಡು ತಲೆಯ ತೆಂಗಿನಮರ ಇತ್ತು ಎಂದು ಅಮ್ಮ ಹೇಳುತ್ತಿದ್ದಳು."

"ಅದಕ್ಕೆ ಸಿಡಿಲು ಹೊಡೀತು. ಈಗ ಒಂದು ತಲೆನೂ ಇಲ್ಲ." ಮುದುಕಿ ಅವಳ ಮುಖವನ್ನೇ ನೋಡುತ್ತ ಕುಳಿತಳು. "ಆ ಮನೆ ಕೂಸು ಜಾಲಿಯಂವನ ಸಂಗ್ತಿಗೆ ಓಡಿಹೋತು ಹೇಳಿ ಊರು ಒಂದು ವರ್ಷ ಬಾಯಿ ಮುಚ್ಚಲಿಲ್ಲ. ಬಾವಿಕಟ್ಟೆ ಮೇಲೆ ಅದೇ ಮಾತು. ನಾನೂ ಆಡಿದ್ದೆ. ನಾನೇ ಹೆಚ್ಚಿಗೆ ಆಡಿದ್ದೆ. ಅದರ ಮಗಳಾ ನೀನು?"

"ಹೌದು."

"ಅಬ್ಬೆ ಅದೆಯಾ?"

"ಇಲ್ಲ. ತೀರಿಕೊಂಡಳು."

ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಪಕ್ಕದ ಹಾಸಿಗೆಯವಳು, ತೆಂಗಿನಗುಂಡಿಯ ಮೀನು ಮಾರುವ ಹೆಂಗಸು, ತಲೆ ಎತ್ತಿ, "ಹಾಗಾರೆ ಜಾತಿ ಯಾವುದು ಆದ ಹಾಗೆ ಆತು ಅಜ್ಜಿ?" ಎಂದಳು.

"ನೀ ಸುಮ್ನಿರು. ಒಂದು ವರ್ಷ ಇದರ ಅಬ್ಬೆ ಮೇಲೆ ಮಾತಾಡಿ ಹೊತ್ತು ಕಳ್ದೇನೆ. ಇದು ಗಂಜಿ ತಂದ್ರೆ ಬ್ಯಾಡ ಹೇಳೂಕೆ ಆತದ್ಯಾ? ತಾ ಇಲ್ಲಿ."

ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು, ಅರ್ಧಕ್ಕೆ ನಿಲ್ಲಿಸಿ, "ಉಪ್ಪು ಹಾಕಲಿಲ್ವಾ?" ಎಂದು ಕೇಳಿ ಉಳಿದದ್ದನ್ನೂ ಮುಗಿಸಿದಳು. ಬಾಗಿಲಲ್ಲಿ ನಿಂತಿದ್ದ ಸಿಸ್ಟರ್ ಗಡಿಯಾರ ನೋಡಿ ಸಹಿ ಹಾಕಲು ಒಳಗೆ ಹೋದರು.

ಮರುದಿನ ಬೆಳಗಿನ ಬಸ್ಸಿನ ಕಂಡಕ್ಟರ್ ಆ ಮುದುಕಿಯ ತಂಬಿಗೆಯನ್ನು ಕೊಡುವಾಗ, "ಇವತ್ತು ನಿಮ್ಮ ಗಂಜಿ ಕುದಿಯದೇ ಬಂದದೆ" ಎಂದನಂತೆ. ಒಳಗೆ ಇದ್ದದ್ದು ಹುರಿದು ತರಿಯಾಗಿ ಒಡೆದ ಅಕ್ಕಿ, ಒಂದು ಚಿಟಿಕೆ ಜೀರಿಗೆ. ಹಿಂದಿನ ಸಂಜೆಯ ಬಸ್ಸಿನಲ್ಲಿ ಮುದುಕಿ ಸೊಸೆಗೆ ಹೇಳಿಕಳಿಸಿದ್ದಳು, ಕಾಸುವವರು ಇಲ್ಲೇ ಇದ್ದಾರೆ ಎಂದು.

ಆಮೇಲೆ ವಾರ್ಡಿನ ಪ್ರಶ್ನೆಯೇ ಬದಲಾಯಿತು. ಯಾರ ಪೈಕಿ ಎಂಬುದರ ಬದಲು, ಜಾಲಿಯಲ್ಲಿ ಯಾವ ಮನೆ, ಅಪ್ಪ ಯಾರ ಅಂಗಡಿಯಲ್ಲಿದ್ದ, ಅಬ್ಬೆಗೆ ಎಷ್ಟು ಮಂದಿ ತಂಗಿಯರು. ತೆಂಗಿನಗುಂಡಿಯ ಹೆಂಗಸು ಅವಳ ತಂದೆಯ ಅಣ್ಣನಿಗೆ ಮೀನು ಮಾರುತ್ತಿದ್ದವಳೆಂದು ತಿಳಿದುಬಂತು. ಆತ ಭಾರೀ ಚೌಕಾಸಿಯವನೆಂದು ಅವಳನ್ನು ಬೈದು, ಬೈದ ಮೇಲೆ ಬಾರ್ಲಿ ನೀರು ಕುಡಿದಳು. ಒಬ್ಬೊಬ್ಬರೂ ತಮಗೆ ಸಿಕ್ಕ ಎಳೆ ಹಿಡಿದು ಅವಳನ್ನು ಎಲ್ಲೋ ಒಂದು ಕಡೆ ಕಟ್ಟಿಕೊಂಡರು. ಹೀಗೆ ಗಂಟೆಗಳು ಕೂಡತೊಡಗಿದವು; ಕೆಲವು ದಿನ ಮೂರು, ಕೆಲವು ದಿನ ಅರ್ಧ.

ಎಲ್ಲರೂ ಒಪ್ಪಿದರೆಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಅನುಮಾನದಲ್ಲಿ ಇದ್ದ ಇಬ್ಬರು, ಅವಳ ಅಪ್ಪ ಅಮ್ಮನ ಸಂಗತಿ ತಿಳಿದ ಮೇಲೆ, ಈಗ ನಿಶ್ಚಯವಾಗಿ ಬೇಡವೆಂದರು. ಕಿಟಕಿಯ ಬಳಿಯವರಂತೂ ಲೋಟವನ್ನು ನೋಡುತ್ತಲೂ ಇರಲಿಲ್ಲ. ಆದರೂ ಅವಳು ದಿನವೂ ಅವರ ಹಾಸಿಗೆಯ ಬಳಿ ನಿಂತು ಕೇಳಿ ಮುಂದೆ ಹೋಗುತ್ತಿದ್ದಳು.

ನನ್ನನ್ನು ಕಾಡಿದ್ದು ಬೇರೆ ಸಂಗತಿ. ಇಲ್ಲಿ ಗೆದ್ದದ್ದು ಯಾವುದು? ಸಮಾನತೆ ಎನ್ನಲಾರೆ. ಜಾತಿಯೂ ಅಲ್ಲ. ಬಾವಿಕಟ್ಟೆಯ ಹಳೆಯ ಚಾಡಿಮಾತು ಒಂದು ಲೋಟ ಗಂಜಿಯಾಗಿ ಬದಲಾಗುವ ದಾರಿಯನ್ನು ನನ್ನ ಯಾವ ತರ್ಕದ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಹಾಗಾದರೆ ಇಂಥ ಕಾರಣದಿಂದ ಬಂದ ಗಂಟೆಗೆ ಬೆಲೆಯಿದೆಯೇ ಎಂದು ಸಿಸ್ಟರನ್ನೇ ಕೇಳಿದೆ.

"ಮಂಡಳಿಯ ಫಾರ್ಮಿನಲ್ಲಿ ಗಂಟೆ ಬರೆಯಲಿಕ್ಕೆ ಜಾಗ ಉಂಟು ಟೀಚರ್. ಕಾರಣ ಬರೆಯಲಿಕ್ಕೆ ಜಾಗ ಕೊಡಲಿಲ್ಲ," ಎಂದರು.

ದೀಪಾವಳಿಗೆ ಸ್ವಲ್ಪ ಮೊದಲು ಮಂಡಳಿಯ ಒಪ್ಪಿಗೆ ಬಂತು. ಭಟ್ಕಳಕ್ಕೆ ಹೋಗುವವರೆಗೆ ಉಳಿದಿದ್ದ ಕೆಲವು ದಿನ ಅವಳು ಅಲ್ಲೇ ನರ್ಸಾಗಿ ಕೆಲಸ ಮಾಡಲೆಂದು ಡಾಕ್ಟರು ಹೇಳಿದರು. ಸಿಸ್ಟರ್ ಅವಳ ಕೈಯಿಂದ ಲೋಟದ ತಟ್ಟೆಯನ್ನು ತೆಗೆದಿಟ್ಟು ಸಿರಿಂಜಿನ ಟ್ರೇಯನ್ನು ಕೊಟ್ಟರು. ಹಳದೀಪುರದ ಮುದುಕಿ ಅಷ್ಟರಲ್ಲಿ ಮನೆಗೆ ಹೋಗಿದ್ದಳು. ತೆಂಗಿನಗುಂಡಿಯವಳು ಇನ್ನೂ ಇದ್ದಳು.

"ಹಾಗಾರೆ ನಾಳೆ ಗಂಜಿ ಕಾಸೂದು ಯಾರು?" ಎಂದಳು ಆಕೆ. ಹಾಗೆಯೇ ನನ್ನ ಕಡೆ ತಿರುಗಿದಳು. "ಅಕ್ಕೋರಿಗೆ ಬತ್ತದ್ಯಾ?"

"ನನಗೆ ಅಷ್ಟು ಚೆನ್ನಾಗಿ ಬರುವುದಿಲ್ಲ."

"ಇಷ್ಟು ದಿನ ನಿಂತು ನೋಡಿದ್ದು ಎಂತ ಮತ್ತೆ?"

ವಾರ್ಡು ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ಅವಳು ಸೂಜಿಯನ್ನು ಸಿದ್ಧಪಡಿಸಿಕೊಂಡು ಮೊದಲ ಸರದಿಗೆ ಹೊರಟಿದ್ದಳು. ಮೊದಲನೆಯದು ಕಿಟಕಿಯ ಬಳಿಯ ಹಾಸಿಗೆ. ನಾನು ನಗುವುದನ್ನು ನಿಲ್ಲಿಸಿ ನೋಡಿದೆ. ಆ ಹಿರಿಯಾಕೆ ಅವಳನ್ನು ನೋಡಿದರು, ಟ್ರೇಯನ್ನು ನೋಡಿದರು. ಆಮೇಲೆ ಕುಪ್ಪಸದ ತೋಳನ್ನು ತಾವೇ ಮೇಲಕ್ಕೆ ಸರಿಸಿಕೊಂಡರು.

"ಮೆಲ್ಲಗೆ ಹಾಕು ತಂಗಿ. ನಿನ್ನೆ ಚುಚ್ಚಿದ್ದೇ ಇನ್ನೂ ನೋವ್ತಾ ಇದ್ದು."

ಅವಳು ಬಾಗಿ, ತೋಳನ್ನು ಸ್ಪಿರಿಟ್ಟಿನಿಂದ ಒರೆಸಿ, ಮೆಲ್ಲಗೆ ಹಾಕಿದಳು.