ಏಳು ಗೊಂಬೆಗಳ ಹಿಂದೆ ಹನ್ನೊಂದು ದಿನ

ಆಸ್ಪತ್ರೆಯಲ್ಲಿ ಆತನ ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತಿತ್ತು. ಮಿಕ್ಕವರಿಗೆಲ್ಲ ಆತ ಹಿಂದ್ಹೋಗಪ್ಪ. ಹೊರರೋಗಿಗಳ ಬಾಗಿಲಲ್ಲಿ ಮೂವತ್ತೊಂದು ವರ್ಷ ಸಾಲು ನಿಲ್ಲಿಸಿದ ಮನುಷ್ಯ. ಯಾರು ನಡುವೆ ತೂರಿದರೂ, ಯಾವ ಕಾರಣ ಹೇಳಿದರೂ, ಉತ್ತರ ಒಂದೇ: "ಹಿಂದೆ ಹೋಗಿ."

ಆ ಬಾಗಿಲ ಪಕ್ಕದಲ್ಲಿ ಇನ್ನೊಂದು ಸಣ್ಣ ಬಾಗಿಲಿತ್ತು. ದೊಡ್ಡವರು, ದೊಡ್ಡವರ ಭಾವಮೈದುನರು, ಆ ಭಾವಮೈದುನರ ಡ್ರೈವರುಗಳು ಅದರಲ್ಲಿ ಒಳಗೆ ಹೋಗುತ್ತಿದ್ದರು. ಅದನ್ನು ಕಾಯುವ ಕೆಲಸ ಹಿಂದ್ಹೋಗಪ್ಪನದಲ್ಲ. ಅದನ್ನು ನೋಡದ ಹಾಗೆ ಇರುವುದು ಅವನ ಕೆಲಸ. ಮೂವತ್ತೊಂದು ವರ್ಷ ಕತ್ತು ಒಂದೇ ಕಡೆ ತಿರುಗಿಸಿಕೊಂಡು ನಿಂತ. ಅದಕ್ಕೇ ಮನಸ್ಸಲ್ಲಿ ಒಂದು ಗೆರೆ ಎಳೆದುಕೊಂಡಿದ್ದ: ತನ್ನ ಮನೆಯವರು ಮಾತ್ರ ಯಾವತ್ತೂ ಆ ಬಾಗಿಲು ತುಳಿಯಬಾರದು.

ನಿವೃತ್ತಿಯಾದ ಮೇಲೆ ಮೊಣಕಾಲು ಕೈಕೊಟ್ಟಿತು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುವ ಮಗಳು ತನ್ನ ವಿಡಿಯೋ ಗೇಮಿನ ಪೆಟ್ಟಿಗೆಯನ್ನು ಟಿವಿಗೆ ಸಿಕ್ಕಿಸಿ, ಕಂಟ್ರೋಲರನ್ನು ಅಪ್ಪನ ಕೈಗಿಟ್ಟಳು. "ಇಡೀ ಒಂದು ರಾಜ್ಯ ಇದೆ ಅಪ್ಪ. ಎಲ್ಲಿಗೆ ಬೇಕಾದ್ರೂ ಹೋಗು, ಏನು ಬೇಕಾದ್ರೂ ಮಾಡು. ನೀನೇ ವೀರ. ಕೊನೆಗೊಂದು ರಾಕ್ಷಸ ಬರ್ತಾನೆ, ಹೊಡೆದುಹಾಕಿದ್ರೆ ಆಯ್ತು."

ಹಿಂದ್ಹೋಗಪ್ಪನಿಗೆ ಮೊದಲ ದಿನವೇ ಮೈಯೆಲ್ಲ ಉರಿದುಹೋಯಿತು. ಈ ವೀರ ಯಾರ ಮನೆಗೆ ಬೇಕಾದರೂ ಸೀದಾ ನುಗ್ಗುತ್ತಾನೆ. ಅಡುಗೆಮನೆಯ ರೊಟ್ಟಿ ಎತ್ತಿಕೊಳ್ಳುತ್ತಾನೆ, ಗಡಿಗೆ ಒಡೆಯುತ್ತಾನೆ. ಮನೆಯವರು "ನಮಸ್ಕಾರ, ಪ್ರಯಾಣಿಕರೇ" ಅನ್ನುತ್ತಾರೆ.

"ಬಾಗಿಲು ತಟ್ಟೋಕೆ ಯಾವ ಬಟನ್ನು?" ಅಂತ ಮಗಳನ್ನು ಕೇಳಿದ.

"ತಟ್ಟೋಕೆ ಇಲ್ಲಪ್ಪ. ಒದೆಯೋಕಿದೆ."

ತಪ್ಪಿ ಎತ್ತಿಕೊಂಡ ಒಂದು ಚಮಚವನ್ನು ಇದ್ದ ಜಾಗದಲ್ಲಿ ಇಡಲು ಅವನು ಒಂದು ಮಧ್ಯಾಹ್ನ ಪೂರ್ತಿ ಹೆಣಗಿದ. ಅದು ನೆಲದ ಮೇಲೆ ಬೀಳುತ್ತಿತ್ತೇ ಹೊರತು ಮೇಜಿನ ಮೇಲೆ ಕೂರಲಿಲ್ಲ. ಕದಿಯಲು ಒಂದು ಬಟನ್ನು, ವಾಪಸ್ ಕೊಡಲು ಏನೂ ಇಲ್ಲ. ಇಂಥ ರಾಜ್ಯಕ್ಕೆ ರಾಕ್ಷಸ ಬೇರೆ ಬರಬೇಕಾ ಅಂತ ಗೊಣಗಿಕೊಂಡ.

ಮೂರನೆಯ ದಿನ ವೀರನಿಗೆ ತೋಳ ಕಚ್ಚಿತು. ಪೇಟೆಯಲ್ಲಿ ಒಬ್ಬ ವೈದ್ಯೆ ಇದ್ದಾಳೆಂದು ತಿಳಿದು ಕುಂಟುತ್ತಾ ಹೋದ. ಅವಳ ಬಾಗಿಲ ಮುಂದೆ ಸಾಲು. ಬುಟ್ಟಿ ಹಿಡಿದ ಹೆಂಗಸು, ಕೈಗೆ ಪಟ್ಟಿ ಕಟ್ಟಿಕೊಂಡ ಸಿಪಾಯಿ, ಹೀಗೆ ಏಳು ಜನ. ಕೊನೆಯಲ್ಲೊಬ್ಬ ಮುದುಕ, ಬಿಟ್ಟೂಬಿಡದೆ ಕೆಮ್ಮುತ್ತಿದ್ದ. ಹಿಂದ್ಹೋಗಪ್ಪನ ಮುಖ ಅರಳಿತು. ಇಷ್ಟು ದೊಡ್ಡ ರಾಜ್ಯದಲ್ಲಿ ಮೊದಲ ಸಲ ಮರ್ಯಾದಸ್ಥರು ಕಂಡಿದ್ದರು. ವೀರನನ್ನು ತಂದು ಮುದುಕನ ಹಿಂದೆ ನಿಲ್ಲಿಸಿದ.

ಮತ್ತೆ ಕದಲಲಿಲ್ಲ. ದಿನಾ ಊಟವಾದ ಮೇಲೆ ಎರಡರಿಂದ ಐದರವರೆಗೆ ಸೋಫಾದಲ್ಲಿ ಕಾಲು ಚಾಚಿ ಕೂತು ಸಾಲಿನಲ್ಲಿ ನಿಂತಿರುತ್ತಿದ್ದ. ಟಿವಿಯೊಳಗೆ ಸೂರ್ಯ ಮುಳುಗಿ ಹುಟ್ಟುತ್ತಿತ್ತು. ಆಗಾಗ ಒಬ್ಬ ದೂತ ಓಡಿಬಂದು, ರಾಜ್ಯ ಅಪಾಯದಲ್ಲಿದೆ, ವೀರ ಕೂಡಲೇ ಬರಬೇಕು ಅನ್ನುತ್ತಿದ್ದ. "ನಮ್ಮ ನಂಬರ್ ಬರಲಿ" ಅಂತ ಹಿಂದ್ಹೋಗಪ್ಪ ಅವನಿಗೆ ಸಮಾಧಾನ ಹೇಳುತ್ತಿದ್ದ.

ಇದೇ ಹೊತ್ತಿಗೆ ಹೆಂಡತಿಯ ಕಣ್ಣಿಗೆ ಪೊರೆ ಬಲಿತಿತ್ತು. ಶಾಲೆ ಸಮವಸ್ತ್ರದ ಅಂಗಡಿಗೆ ಕಾಲರ್ ಹೊಲಿಯುವಾಕೆ. ಹೋದ ವಾರ ಕಾಲರ್ ಜೊತೆ ತನ್ನ ಬೆರಳನ್ನೂ ಹೊಲಿದುಕೊಂಡಿದ್ದಳು. ಆಪರೇಷನ್ನಿಗೆ ದಿನ ಬರೆದುಕೊಡುವ ಚೀಟಿ ಅದೇ ಆಸ್ಪತ್ರೆಯ ಆರನೇ ಕಿಟಕಿಯಲ್ಲಿ. ಆ ವಾರ ಗಂಡ ಹೆಂಡತಿ ಮೂರು ಸಲ ಹೋಗಿ ನಿಂತು, ಮೂರು ಸಲವೂ ಬರಿಗೈಯಲ್ಲಿ ಬಂದಿದ್ದರು.

"ಮೂವತ್ತೊಂದು ವರ್ಷ ಆ ಬಾಗಿಲು ಕಾದ್ರಿ," ಅಂದಳು ಹೆಂಡತಿ. "ಒಂದ್ಸಲ ಪಕ್ಕದ ಬಾಗಿಲಿಂದ ಒಳಗೆ ಹೋಗಿ ಕೇಳಿದ್ರೆ ನಿಮ್ಮ ಕಿರೀಟ ಬೀಳತ್ತಾ?"

"ನಮ್ಮ ಮುಂದೆ ಇರೋರಿಗೂ ಕಣ್ಣಿದೆ."

"ಅವರಿಗೆ ನಿಮ್ಮಂಥ ಗಂಡ ಇಲ್ಲ. ಪುಣ್ಯವಂತರು."

ಹನ್ನೊಂದನೆಯ ಮಧ್ಯಾಹ್ನ ಅವಳು ಟಿವಿ ಹತ್ತಿರ ಬಂದು, ಮೂಗು ತಾಗುವಷ್ಟು ಬಗ್ಗಿ ನೋಡಿದಳು. "ಇವರೇನಾ ನಿಮ್ಮ ಏಳು ಜನ? ಇಲ್ಲಿವರೆಗೆ ಎಷ್ಟು ಜನ ಒಳಗೆ ಹೋದರು?"

"ಯಾರೂ ಇಲ್ಲ."

"ಹೊರಗೆ ಎಷ್ಟು ಜನ ಬಂದರು?"

"ಯಾರೂ ಇಲ್ಲ."

"ಹಾಗಾದ್ರೆ ಒಳಗೆ ಏನು ನಡೀತಿದೆ ಅಂತ ಒಬ್ಬರಾದ್ರೂ ನೋಡಿದೀರಾ?"

ಸಾಲಿನ ಹಿಂದಿನ ತುದಿ ಹಿಂದ್ಹೋಗಪ್ಪನಿಗೆ ಅಂಗೈಯಷ್ಟು ಪರಿಚಯ. ಮುಂದಿನ ತುದಿಯಲ್ಲಿ ಏನಿದೆ ಅಂತ ನೋಡಬೇಕು ಅನ್ನಿಸಿದ್ದೇ ಇಲ್ಲ.

ಸಂಜೆ ಮಗಳು ಬಂದವಳು ವಿಷಯ ಕೇಳಿ ನಗು ತಡೆಯಲಾರದೆ ಬ್ಯಾಗನ್ನು ಮುಖಕ್ಕೆ ಒತ್ತಿಕೊಂಡಳು. "ಅಪ್ಪ, ಅವರು ರೋಗಿಗಳಲ್ಲ. ಗೊಂಬೆಗಳು. ಬೀದಿ ಬಿಕೋ ಅನ್ನಬಾರದು ಅಂತ ನಿಲ್ಲಿಸಿದಾರೆ. ಆ ಸಾಲು ಯಾವತ್ತೂ ಮುಂದೆ ಹೋಗಲ್ಲ."

"ಆ ಮುದುಕನಿಗೆ ನಿಜವಾಗಲೂ ಕೆಮ್ಮಿದೆ ಕಣಮ್ಮ."

"ಕೆಮ್ಮಷ್ಟೇ ಇರೋದು ಅಪ್ಪ. ಮುದುಕ ಇಲ್ಲ."

ಹಿಂದ್ಹೋಗಪ್ಪ ವೀರನನ್ನು ಸಾಲಿನಿಂದ ಆಚೆ ತೆಗೆದ. ಒಬ್ಬೊಬ್ಬರನ್ನು ದಾಟುವಾಗಲೂ "ತಪ್ಪು ತಿಳ್ಕೋಬೇಡಿ" ಅಂದ. ಒಳಗೆ ವೈದ್ಯೆ ಖಾಲಿ ಕೂತಿದ್ದಳು. "ನಿನಗಾಗಿಯೇ ಕಾಯುತ್ತಿದ್ದೆ" ಅಂದಳು. ಒಂದು ಬಟನ್ನಿಗೆ ಗಾಯ ಮಾಯ.

ಅವನ ಕೋಪ ನೆತ್ತಿಗೇರಿತು. ಇಷ್ಟು ದಿನ ಖಾಲಿ ಕೂತಿದ್ದಾಳೆ, ಹೊರಗೆ ಮುದುಕ ಸಾಯುತ್ತಿದ್ದಾನೆ! ವೀರನನ್ನು ಹೊರಗೆ ಕರೆತಂದು ಮುದುಕನನ್ನು ಹಿಂದಿನಿಂದ ಒಳಗೆ ತಳ್ಳತೊಡಗಿದ. ಮುದುಕ ಒಂದು ಗೇಣು ಸರಿದ, ಕೆಮ್ಮಿದ, ಮತ್ತೆ ಹಿಂದಕ್ಕೆ ಬಂದು ನಿಂತ. ಇನ್ನೂ ಜೋರಾಗಿ ತಳ್ಳಿದ. ಕಾವಲುಗಾರರು ಬಂದು ನಾಗರಿಕನ ಮೇಲೆ ಹಲ್ಲೆ ಎಂದು ವೀರನನ್ನು ಜೈಲಿಗೆ ಹಾಕಿದರು. ಮನೆ ಮನೆ ನುಗ್ಗಿ ರೊಟ್ಟಿ ಎತ್ತಿದಾಗ ಅವರ ಸುಳಿವೇ ಇರಲಿಲ್ಲ.

ಮಾರನೆಯ ದಿನ ಗಂಡ ಹೆಂಡತಿ ಮತ್ತೆ ಆರನೇ ಕಿಟಕಿಯ ಸಾಲಿಗೆ ಬಂದರು. ನಲವತ್ತಮೂರನೆಯ ಜಾಗ ಸಿಕ್ಕಿತು. ಹಿಂದೆ ಇನ್ನೂ ಹದಿನೈದಿಪ್ಪತ್ತು ಜನ. ಎಂಟರಿಂದ ಹತ್ತರವರೆಗೆ ಹಿಂದ್ಹೋಗಪ್ಪ ಕಿಟಕಿಯನ್ನೇ ನೋಡಿದ. ಒಂದು ಚೀಟಿಯೂ ಈಚೆ ಬರಲಿಲ್ಲ.

"ಜಾಗ ಹಿಡ್ಕೊಂಡಿರು," ಅಂದು ಹೆಂಡತಿಯನ್ನು ಬಿಟ್ಟು ಮುಂದೆ ನಡೆದ. ಜನ ಗುರ್ರೆಂದರು. "ನಿಂತ್ಕೊಳ್ಳೋಕಲ್ಲ ಸ್ವಾಮಿ, ನೋಡೋಕೆ," ಅಂದ.

ಅರ್ಧ ಇಳಿಸಿದ ಶಟರಿನ ಒಳಗೆ ಒಬ್ಬ ಗುಮಾಸ್ತ ಉಗುರು ಕತ್ತರಿಸಿಕೊಳ್ಳುತ್ತಿದ್ದ. "ಕಣ್ಣಿನ ಚೀಟಿನಾ? ಹೊಸ ಕಟ್ಟಡಕ್ಕೆ ಹೋಗಿ ಆರು ದಿನ ಆಯ್ತು. ನೋಟೀಸ್ ಅಂಟಿಸಿದೀವಲ್ಲ."

ನೋಟೀಸು ಇತ್ತು. ಬಾಗಿಲ ಹಿಂಬದಿಗೆ ಅಂಟಿಸಿದ್ದರು. ಬಾಗಿಲು ತೆರೆದಾಗ ಅದು ಗೋಡೆಗೆ ಮುಖ ಮಾಡುತ್ತಿತ್ತು.

"ಇಷ್ಟು ಜನ ನಿಂತಿದಾರೆ, ಒಂದು ಮಾತು ಹೇಳಬಾರದಾ?"

ಗುಮಾಸ್ತ ದನಿ ತಗ್ಗಿಸಿದ. "ಯಜಮಾನ್ರೇ, ಇಲ್ಲಿ ಸಾಲಿಲ್ಲ ಅಂತ ಗೊತ್ತಾದ್ರೆ ಈ ಕಿಟಕಿನೇ ಮುಚ್ತಾರೆ. ನನ್ನನ್ನ ಎಲ್ಲಿಗೋ ಎತ್ತಿ ಹಾಕ್ತಾರೆ. ನಿಂತಿರಲಿ ಬಿಡಿ, ಅವರಿಗೂ ಅಭ್ಯಾಸ."

ಹಿಂದ್ಹೋಗಪ್ಪ ಶಟರನ್ನು ಪೂರ್ತಿ ಕೆಳಗೆಳೆದ. ಆಮೇಲೆ ಇಡೀ ಸಾಲನ್ನು ಹೊರಡಿಸಿದ. ಬಾಲದವರು ಓಡಿಹೋಗಿ ತಲೆಯಾಗದ ಹಾಗೆ ಮೊದಲನೆಯವನ ಕೈ ಹಿಡಿದು, ಸೈಕಲ್ ಸ್ಟ್ಯಾಂಡು ಸುತ್ತಿಸಿ, ಒಬ್ಬರ ಭುಜ ಒಬ್ಬರು ಹಿಡಿದು, ಅರೆಗಣ್ಣಿನ ಅರವತ್ತು ಜನ ಹಾವಿನ ಹಾಗೆ ಹೊಸ ಕಟ್ಟಡಕ್ಕೆ ಹೋದರು. ಅಲ್ಲಿ ಒಬ್ಬ ಸಹಾಯಕಿ ಒಂದೂ ಹರಿಯದ ಚೀಟಿ ಪುಸ್ತಕ ಮುಂದಿಟ್ಟುಕೊಂಡು ಆಕಳಿಸುತ್ತಿದ್ದಳು.

"ಎಲ್ಲಿ ಹೋಗಿದ್ರಿ ಎಲ್ಲರೂ?" ಅಂದವಳೇ, "ದಿನಕ್ಕೆ ನಲವತ್ತೇ ಚೀಟಿ," ಅಂತಲೂ ಸೇರಿಸಿದಳು.

ಹಿಂದ್ಹೋಗಪ್ಪ ತಲೆ ತಗ್ಗಿಸಿ ನಡೆದು ತನ್ನ ನಲವತ್ತಮೂರನೆಯ ಜಾಗದಲ್ಲಿ ನಿಂತ. ಮುಂದಿದ್ದ ಲಾರಿ ಡ್ರೈವರ್, "ಯಜಮಾನ್ರೇ, ದಾರಿ ತೋರಿಸಿದ್ದೇ ನೀವು. ಅಮ್ಮಾವ್ರನ್ನ ಮೊದಲು ಕಳಿಸಿ," ಅಂದ. ಹಿಂದ್ಹೋಗಪ್ಪ ಬೇಡವೆಂದು ಕೈಯಾಡಿಸಿದ.

ಹೆಂಡತಿ ಅವನ ಕೈ ಬಿಡಿಸಿಕೊಂಡಳು. ಗೋಡೆ ಸವರುತ್ತಾ ಸೀದಾ ಮೇಜಿನ ತನಕ ಹೋದಳು. ಚೀಟಿಗೆ ಕೈ ಚಾಚಲಿಲ್ಲ.

"ಆರು ದಿನದಲ್ಲಿ ಎಷ್ಟು ಬರೆದೆ ತಾಯಿ?"

"ಒಂದೂ ಇಲ್ಲ."

"ಆ ದಿನಗಳಲ್ಲಿ ಆಪರೇಷನ್ ಡಾಕ್ಟರು?"

"ಬರ್ತಾರೆ, ಸಹಿ ಹಾಕ್ತಾರೆ, ಕೂತು ಹೋಗ್ತಾರೆ."

"ಹಾಗಾದ್ರೆ ಮಿಕ್ಕಿರೋ ಚೀಟಿಗಳನ್ನ ಯಾರ ಕಣ್ಣಿಗೆ ಇಟ್ಟಿದೀಯ? ಎಲ್ಲರಿಗೂ ಬರಿ. ನಾನು ಇಲ್ಲೇ ಕೂತಿರ್ತೀನಿ, ನಂದು ನಲವತ್ತಮೂರನೇದಾಗೇ ಬರಿ."

ಸಹಾಯಕಿ ಸಾಲಿನ ಕಡೆ ನೋಡಿದಳು. ಅರವತ್ತು ಜನ ಸರಿಯಾಗಿ ಕಾಣದ ಕಣ್ಣುಗಳಲ್ಲಿ ಅವಳನ್ನೇ ನೋಡುತ್ತಿದ್ದರು. ಅವಳು ಪೆನ್ನಿನ ಮುಚ್ಚಳ ತೆಗೆದಳು.

ಮಧ್ಯಾಹ್ನ ಒಂದೂವರೆಗೆ ಹೆಂಡತಿ ಚೀಟಿಯನ್ನು ಗಂಡನಿಗೆ ಕೊಟ್ಟಳು. ಅವನು ಓದಿದ: "ಮುಂದಿನ ಬುಧವಾರ, ಬೆಳಗ್ಗೆ ಎಂಟು ಗಂಟೆ, ಮೊದಲ ಮಹಡಿ."

"ಅಲ್ಲೂ ಸಾಲಿರತ್ತಾ?"

"ಇರತ್ತೆ."

"ಮೊದಲು ನಾನು ಮುಂದೆ ಹೋಗಿ ಒಳಗೆ ಡಾಕ್ಟರು ಇದಾರಾ ಅಂತ ನೋಡ್ಕೊಂಡು ಬರ್ತೀನಿ. ಆಮೇಲೆ ನೀವು ಎಷ್ಟು ಹೊತ್ತು ಬೇಕಾದ್ರೂ ನಿಂತ್ಕೊಳ್ಳಿ."