ಬೆಂಚನ್ನೂ ಸೌಕರ್ಯವೆನ್ನುವ ಊರು

ಮನೆ ಕೊಳ್ಳುವವರು ಮೊದಲು ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಬೇಕು. ನೀರು ಕೆಮ್ಮುತ್ತಾ ಬಂದರೆ ಮಾಲೀಕರು ಎಷ್ಟು ನಕ್ಕರೂ ನಂಬಬಾರದು. ಇಂಥ ನಾಲ್ಕು ಬುದ್ಧಿಮಾತುಗಳ ಬಂಡವಾಳದ ಮೇಲೆಯೇ ಅಮೆರಿಕದಲ್ಲಿ ನಾವಿರುವ ಫ್ಲವರ್ ಮೌಂಡಿನ ಅರ್ಧದಷ್ಟು ಕನ್ನಡಿಗರಿಗೆ ನಾನು ಮನೆ ಕೊಡಿಸಿದ್ದೇನೆ, ಕೇಳದವರಿಗೂ ಸಲಹೆ ಕೊಟ್ಟಿದ್ದೇನೆ. ಅಂಥವನನ್ನು ತಬ್ಬಿಬ್ಬು ಮಾಡಿದ್ದು ಕಣ್ಣಾರೆ ಕಾಣದ ಒಂದು ಹಳ್ಳಿ.

ನಮ್ಮ ಮಗಳು ಸ್ಮಿತಾ ದನದ ಡಾಕ್ಟರು. ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಕೆಲಸ ಹಿಡಿದು, ಅಲ್ಲೇ ಮನೆಯನ್ನೂ ನೋಡಿ, ಆ ಊರಿನ ವೆಬ್‌ಸೈಟ್ ಕಳಿಸಿ, "ಅಪ್ಪಾ, ಇವತ್ತೇ ಹೇಳಬೇಕು. ನೀನು ನೋ ಅಂದ್ರೆ ಬಿಡ್ತೀನಿ" ಎಂದಳು.

ಓದಿದೆ. ನೇಕಾರರು ಬಂದರು, ಹೋದರು. ಗಿರಣಿ ಬಂತು, ಹೋಯಿತು. ರೈಲೂ ಬಂದು ಹೋಯಿತು. ಇಗರ್ಜಿಯ ಗೋಡೆ ಮಾತ್ರ ಎಲ್ಲರನ್ನೂ ಬೀಳ್ಕೊಟ್ಟು ನಿಂತಿದೆ. ಇದು ಇತಿಹಾಸ. ಸೌಕರ್ಯಗಳೆಂದರೆ ಒಂದು ಪಬ್ಬು, ಬೆಳಿಗ್ಗೆ ಮಾತ್ರ ತೆರೆಯುವ ಅಂಗಡಿ, ಬುಧವಾರದ ಬಸ್ಸು, ಫೋನ್ ಹೋಗಿ ಊರವರು ಓದಲು ಪುಸ್ತಕ ತುಂಬಿಟ್ಟ ಹಳೆಯ ಫೋನ್ ಬೂತು, ಮತ್ತು ಪ್ರತ್ಯೇಕ ಸಾಲಿನಲ್ಲಿ, ಒಂದು ಬೆಂಚು. ನಮ್ಮ ಬಡಾವಣೆಯ ಇತಿಹಾಸ ಬರೆದರೆ ಒಂದೇ ಸಾಲು: ಮೊದಲು ಹಸು ಮೇಯುತ್ತಿದ್ದವು, ಆಮೇಲೆ ನಾವು ಬಂದೆವು. ಸೌಕರ್ಯಗಳಿಗೆ ಪುಟ ಸಾಲದು. ಬೆಂಚುಗಳೂ ಇವೆ, ಯಾರೂ ಕೂತದ್ದನ್ನು ನಾನಂತೂ ಕಂಡಿಲ್ಲ.

"ಕೊತ್ತಂಬರಿ ಎಲ್ಲಿ ಸಿಗ್ತದ ಅಲ್ಲಿ?" ಎಂದೆ ಹೆಂಡತಿಗೆ.

"ನಿಮಗ ಕೊತ್ತಂಬರಿ ಚಿಂತಿ," ಎಂದಳು ಸರೋಜಿನಿ. "ಒಂದು ಬೆಂಚನ್ನೂ ಬಿಡದ ಬರದಾರಂದ್ರ ಅದರ ಮ್ಯಾಲೆ ಮಂದಿ ಕೂಡ್ತಾರಂತ ಅರ್ಥರಿ. ಒಬ್ಬಾಕಿ ಹುಡುಗಿಗೆ ಅಂಥಾ ಊರ ಛಲೋ."

ನೀವೇ ಹೇಳಿ, ಇದನ್ನು ಯಾವ ಲೆಕ್ಕದಲ್ಲಿ ಹಿಡಿಯಲಿ? ಬಿಟ್ಟುಹೋದವರ ಪಟ್ಟಿಯನ್ನೇ ಹೆಮ್ಮೆಯಿಂದ ಹೇಳಿಕೊಳ್ಳುವ ಊರಿನಲ್ಲಿ ನಾಳೆ ಮನೆ ಮಾರಿದರೆ ಕೊಳ್ಳುವವರು ಯಾರು ಎಂದು ವ್ಯಾಪಾರಿಯ ಬುದ್ಧಿ ಕೇಳುತ್ತಿತ್ತು; ಇಷ್ಟೆಲ್ಲ ಹೋದ ಮೇಲೂ ಬೆಂಚು ಹಾಕುವ ಮನಸ್ಸು ಉಳಿದ ಊರು ಇನ್ನೆಲ್ಲಿ ಸಿಕ್ಕೀತು ಎಂದು ಇನ್ನೊಂದು ಬುದ್ಧಿ, ಅದು ನನ್ನಲ್ಲಿತ್ತೆಂದೇ ಗೊತ್ತಿರಲಿಲ್ಲ, ಅಡ್ಡ ಬರುತ್ತಿತ್ತು.

ಕೊನೆಗೆ ಫೋನ್ ಮಾಡಿ, "ನನಗ ತಿಳೀವಲ್ದವಾ" ಎಂದೆ.



"ಯಾವ ಮನೆ ನೋಡಿದ್ರೂ ಎರಡು ನಿಮಿಷದಲ್ಲಿ ತಪ್ಪು ಹುಡುಕ್ತೀಯಲ್ಲಪ್ಪ," ಎಂದಳು ಸ್ಮಿತಾ. "ಇದರಲ್ಲಿ ಸಿಗಲಿಲ್ವಾ? ಓಕೆ, ಹಾಗಾದ್ರೆ ತಗೋತೀನಿ."

ನಾನು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಹಾಗಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಸರೋಜಿನಿ ಫೋನು ಕಸಿದುಕೊಂಡು, ಗೃಹಪ್ರವೇಶಕ್ಕೆ ಯಾವಾಗ ಬರಬೇಕೆಂದು ಕೇಳುತ್ತಿದ್ದಳು.