ದೊಡ್ಡವ್ವ ನೋಡಿದ ಮೊದಲ ಕಂತು

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ದೊಡ್ಡವ್ವನ ಮನೆಯ ಪಡುವಣ ಗೋಡೆಯ ಹೊರಗೆ, ಕಿಟಕಿಯಿಂದ ಒಂದು ಮಾರು ಆಚೆ, ಎರಡೂ ಕೈಗಳಲ್ಲಿ ಆಂಟೆನಾ ಕಂಬ ಹಿಡಿದು ನಿಂತಿದ್ದೆ. ತೊಂಬತ್ತರ ದಶಕದ ನಡುವಿನ ಒಂದು ಶನಿವಾರ. ಸಂಜೆ ಐದೂವರೆ ದಾಟಿತ್ತು, ಬಿಸಿಲು ಇನ್ನೂ ಹೆಂಚಿನ ಮೇಲೆಯೇ ಇತ್ತು. ಕಿಟಕಿಯ ಸರಳುಗಳ ನಡುವಿನಿಂದ ಟಿವಿಯ ಪರದೆ ಪೂರ್ತಿ ಕಾಣುತ್ತಿತ್ತು. ಒಳಗೆ ನೆಲದ ಮೇಲೆ ಕುಳಿತವರ ತಲೆಗಳು ಮಾತ್ರ ಕಾಣುತ್ತಿದ್ದವು.

ಇದನ್ನು ಈಗ ಯಾರೂ ಕೇಳುತ್ತಿಲ್ಲ. ಆದರೆ ಹೋದ ವಾರ ನಂಜನಗೂಡಿನ ಪೇಟೆಯಲ್ಲಿ ಹೋಗುತ್ತಿದ್ದಾಗ ಒಂದು ಸಣ್ಣ ರಿಪೇರಿ ಅಂಗಡಿಯಿಂದ ಕಾದ ಧೂಳಿನ ವಾಸನೆ ಬಂತು. ಯಾರದೋ ಹಳೆಯ ಡಬ್ಬಿ ಟಿವಿಯ ಬೆನ್ನು ಬಿಚ್ಚಿ ಸ್ವಿಚ್ಚು ಹಾಕಿದ್ದರು. ನಿಮಗೂ ಆ ವಾಸನೆ ಗೊತ್ತಿರಬಹುದು, ಬಿಸಿಲಿಗೆ ಹಾಕಿದ ಕಂಬಳಿಗೆ ಸ್ವಲ್ಪ ಕಬ್ಬಿಣ ಬೆರೆಸಿದ ಹಾಗೆ. ನಾನು ಅಲ್ಲೇ ನಿಂತುಬಿಟ್ಟೆ. ಅಂಗಡಿಯವನು "ಏನ್ ಬೇಕಿತ್ತು ಸಾ?" ಎಂದ. ಏನೂ ಬೇಕಿರಲಿಲ್ಲ. ನನ್ನ ಕೈ ಮಾತ್ರ ಕೊಡೆಯ ಹಿಡಿಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸುತ್ತಿತ್ತು.

ದೊಡ್ಡವ್ವ ಎಂದರೆ ನಮ್ಮ ತಂದೆಯ ಅಣ್ಣನ ಹೆಂಡತಿ, ಕೆಂಪಮ್ಮ. ನಮ್ಮ ಬೀದಿಗೆಲ್ಲ ಇದ್ದದ್ದು ಅವಳದೊಂದೇ ಟಿವಿ. ಮಗಳು ಸರೋಜಳನ್ನು ನರಸೀಪುರಕ್ಕೆ ಕೊಟ್ಟಿದ್ದಳು. ಅಳಿಯ ಪುಟ್ಟಸ್ವಾಮಿ ಬಣ್ಣದ ಟಿವಿ ಕೊಂಡಾಗ ಹಳೆಯ ಕಪ್ಪುಬಿಳುಪಿನದನ್ನು ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದುಕೊಟ್ಟಿದ್ದ. ಅದರಲ್ಲಿ ಕಾಣುವ ಪ್ರತಿಯೊಬ್ಬರ ಬಲಗಡೆಗೂ ಅವರದೇ ಇನ್ನೊಂದು ಮಬ್ಬು ರೂಪ ನಿಂತಿರುತ್ತಿತ್ತು. ವಾರ್ತೆ ಓದುವವಳಿಗೂ ಇತ್ತು, ಕೃಷಿಯ ಕಾರ್ಯಕ್ರಮದಲ್ಲಿ ಬರುವ ಎತ್ತಿಗೂ ಇತ್ತು. ಅದು ದೋಷವೆಂದು ನಮಗಾರಿಗೂ ಹೊಳೆದಿರಲಿಲ್ಲ. ಟಿವಿ ಎಂದರೆ ಹಾಗೆಯೇ ಎಂದುಕೊಂಡು, ಅದನ್ನು ನೆರಳು ಎಂದು ಕರೆಯುತ್ತಿದ್ದೆವು.

ದೊಡ್ಡವ್ವನ ಹೆಸರು ನಿಂತಿದ್ದದ್ದು ಮೊದಲ ಕಂತಿನ ಮೇಲೆ. ಯಾವುದೇ ಧಾರಾವಾಹಿಯಾಗಲಿ, ಮೊದಲ ಕಂತನ್ನು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮುಗಿದ ಕೂಡಲೇ ಇಡೀ ಕತೆ ಹೇಳಿಬಿಡುತ್ತಿದ್ದಳು. "ಈ ಮೀಸೆಯೋನು ಕಡೇಗೆ ಅಪ್ಪನ್ ಕಾಲ್ ಇಡೀತಾನೆ. ಆ ಚಿಕ್ಕೆಣ್ಣು ಮದ್ವೆ ಆಗಕಿಲ್ಲ." ಮುಂದಿನ ವಾರದಿಂದ ಟಿವಿಗೆ ಬೆನ್ನು ಹಾಕಿ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದಳು. ತಿಂಗಳುಗಟ್ಟಲೆ ಕಳೆದ ಮೇಲೆ ಮೀಸೆಯವನು ಅಪ್ಪನ ಕಾಲು ಹಿಡಿದೇ ಹಿಡಿಯುತ್ತಿದ್ದ. ಹೆಂಗಸರು ತಿರುಗಿ ದೊಡ್ಡವ್ವನನ್ನು ನೋಡಿದರೆ, ಅವಳು ಸಿಪ್ಪೆ ಒದರುತ್ತಾ "ಅದ್ರಲ್ಲೇನದೆ ಬುಡ್ರವ್ವ" ಎನ್ನುತ್ತಿದ್ದಳು. ಆ ಮಾತು ಹೇಳುವಾಗಿನ ಅವಳ ಮುಖ ನೋಡಲೆಂದೇ ನಾನು ಕೆಲವು ಧಾರಾವಾಹಿಗಳನ್ನು ಕೊನೆಯವರೆಗೆ ಸಹಿಸಿದ್ದೇನೆ.

ಆ ಶನಿವಾರ ಶುರುವಾದದ್ದು ದೆವ್ವದ ಧಾರಾವಾಹಿ. ಒಂದು ಹಳೆಯ ಮನೆಗೆ ಹೊಸ ಸೊಸೆ ಬರುತ್ತಾಳೆ. ಅವಳು ಬಂದ ದಿನದಿಂದ ಖಾಲಿ ತೊಟ್ಟಿಲು ತೂಗುತ್ತದೆ, ನಾಯಿ ಹಿಂದೆ ಹಿಂದೆ ಸರಿಯುತ್ತದೆ. ಕಂತಿನ ಕೊನೆಯಲ್ಲಿ ಬಾವಿಯ ಕಟ್ಟೆಯ ಬಳಿ ಬೆನ್ನು ಹಾಕಿ ನಿಂತ ಅವಳನ್ನು ಒಂದು ಮಗು ಕೂಗುತ್ತದೆ. ಅವಳು ಕತ್ತು ತಿರುಗಿಸಲಿಲ್ಲ. ಭುಜ, ಬೆನ್ನು, ಸೊಂಟ ಎಲ್ಲ ಒಟ್ಟಿಗೆ, ಗಾಣ ತಿರುಗಿದಂತೆ ನಿಧಾನವಾಗಿ ತಿರುಗಿದಳು. ಆ ಹೊತ್ತಿಗೆ ಸರಿಯಾಗಿ ಗದ್ದೆ ಕಡೆಯಿಂದ ಗಾಳಿ ಬೀಸಿ ಕಂಬ ನನ್ನ ಕೈಯಲ್ಲಿ ಜಾರಿತು. ಬಿಗಿಯಾಗಿ ಹಿಡಿದು ಎಡಕ್ಕೆ ತಿರುಗಿಸಿದೆ. ಚಿತ್ರ ಎಂದೂ ಇಲ್ಲದಷ್ಟು ತಿಳಿಯಾಯಿತು. ಪರದೆಯ ಮೇಲೆ ಆ ಹೆಂಗಸು ಒಬ್ಬಳೇ ಇದ್ದಳು. ಪಕ್ಕದಲ್ಲಿ ನೆರಳು ಇರಲಿಲ್ಲ.

"ನೋಡ್ರವ್ವಾ, ಅವಳ್ಗೆ ನೆಳ್ಳೇ ಇಲ್ಲ!" ಎಂದಳು ದೊಡ್ಡವ್ವ. "ಆ ಸೊಸೆನೇ ದೆವ್ವ. ಮುಗೀತು ಕತೆ."

ಹೊರಗೆ ಬಿಸಿಲಿನಲ್ಲಿ ನಿಂತಿದ್ದ ನನ್ನ ಮೈಯೂ ಜುಮ್ಮೆಂದಿತು. ಕಂಬಕ್ಕೂ ನೆರಳಿಗೂ ಸಂಬಂಧ ಇರಬಹುದೆಂದು ಹೊಳೆಯಲೇ ಇಲ್ಲ. ನನಗೆ ಆಗ ಇಪ್ಪತ್ತಾರು ವರ್ಷ, ಕೈಯಲ್ಲಿ ಬಿ.ಎ. ಪದವಿ ಇತ್ತು.

ಮುಂದಿನ ಶನಿವಾರ ಬರುವುದರೊಳಗೆ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಕೊಯ್ಲು ಮುಗಿಯುವವರೆಗೂ ಕರೆಂಟು ಬರಲಿಲ್ಲ. ಕರೆಂಟು ಇದ್ದಿದ್ದರೆ ಎರಡನೆಯ ಕಂತು ಮೊದಲನೆಯದನ್ನು ಒರೆಸುತ್ತಿತ್ತು, ಮೂರನೆಯದು ಎರಡನೆಯದನ್ನು. ಈಗ ಆ ಕೊನೆಯ ನೋಟ, ಒಂದು ಹೆಂಗಸು ಮೈಯೆಲ್ಲ ತಿರುಗಿಸಿ ನೋಡಿದ್ದು, ಮಂಜಿನ ಹಾಗೆ ಊರಿನ ಮೇಲೆ ನಿಂತುಬಿಟ್ಟಿತು.

ನಮ್ಮ ಅಂಗನವಾಡಿಗೆ ಆ ವರ್ಷವಷ್ಟೇ ಹೊಸ ಟೀಚರ್ ಬಂದಿದ್ದರು. ಗೌರಮ್ಮ ಎಂದು ಹೆಸರು. ಕವಲಂದೆಯಿಂದ ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೋಗುತ್ತಿದ್ದರು. ಚಿಕ್ಕಂದಿನಲ್ಲಿ ಬಿದ್ದು ಏಟಾಗಿ ಅವರ ಕತ್ತು ತಿರುಗುತ್ತಿರಲಿಲ್ಲ. ಯಾರನ್ನು ನೋಡಬೇಕಾದರೂ ಇಡೀ ಮೈ ತಿರುಗಿಸಬೇಕು. ಮಕ್ಕಳಿಗೆ ಅದೊಂದು ಆಟವಾಗಿತ್ತು. ಬೆನ್ನ ಹಿಂದೆ ಅಡಗುವುದು, ಅವರು ತಿರುಗುವುದು, ಇವು ಮತ್ತೆ ಹಿಂದಕ್ಕೆ ಓಡುವುದು. ಯಾವ ಮಗು ಮೊದಲು ಮನೆಯಲ್ಲಿ ಹೇಳಿತೋ ತಿಳಿಯದು: "ಅವ್ವಾ, ನಮ್ ಟೀಚರೂ ಅಂಗೇ ತಿರುಗ್ತರೆ."

ತಾಯಂದಿರು ಪರೀಕ್ಷೆ ಮಾಡಲು ಹೋದರು. ಅಂಗನವಾಡಿ ಬಿಡುತ್ತಿದ್ದದ್ದು ಹನ್ನೆರಡಕ್ಕೆ. ಗೌರಮ್ಮ ಬಾಗಿಲಿಗೆ ಬೀಗ ಹಾಕಿ ಬಯಲಿಗೆ ಇಳಿದಾಗ ಸೂರ್ಯ ನೆತ್ತಿಯ ಮೇಲಿರುತ್ತಿದ್ದ; ನೆರಳೆಲ್ಲ ಸೀರೆಯ ಅಂಚಿನ ಕೆಳಗೆ ಮುದುಡಿಕೊಂಡಿರುತ್ತಿತ್ತು. ಹುಡುಕಿದವರಿಗೆ ಕಾಣಲಿಲ್ಲ. ಆ ಹೊತ್ತಿನಲ್ಲಿ ತಮ್ಮ ಕಾಲ ಬುಡವನ್ನು ಯಾರೂ ನೋಡಿಕೊಳ್ಳಲಿಲ್ಲ.

ಚಾಪೆಗಳು ಖಾಲಿಯಾದವು. ಗೌರಮ್ಮ ಮನೆ ಮನೆಗೆ ಹೋಗಿ, "ಮಕ್ಳನ್ ಕಳ್ಸಿ ಅಕ್ಕ, ಉಪ್ಪಿಟ್ಟು ಆರೋಯ್ತದೆ" ಎನ್ನುತ್ತಿದ್ದರು. ಜ್ವರ, ನೆಗಡಿ, ನೆಂಟರ ಮನೆ ಎಂದು ಉತ್ತರ ಬರುತ್ತಿತ್ತು. ಮಕ್ಕಳಿಲ್ಲದ ಕೇಂದ್ರವನ್ನು ತಿಂಗಳ ಕೊನೆಗೆ ಬೇರೆ ಊರಿಗೆ ಕೊಟ್ಟುಬಿಡುತ್ತೇವೆ ಎಂದು ಮೇಲಿನವರು ಹೇಳಿ ಹೋದರು. ಹಾಗಾದರೆ ಗೌರಮ್ಮನ ಕೆಲಸ ಹೋಗುತ್ತಿತ್ತು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ತಾಯಿ ಇದ್ದರು, ಒಬ್ಬ ಮಗಳಿದ್ದಳು.

ಒಂದು ಮಧ್ಯಾಹ್ನ ಗೌರಮ್ಮ ದೊಡ್ಡವ್ವನ ಜಗಲಿಗೆ ಬಂದು ಕುಳಿತರು. "ಕೆಂಪಮ್ನೋರೇ, ನಾನೇನ್ ಮಾಡ್ದೆ ಅಂತ ಯೋಳ್ಬುಡಿ" ಎಂದರು. ದೊಡ್ಡವ್ವ ಎದ್ದಳು. ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು. ಗೌರಮ್ಮ ಕುಡಿದು ಹೋದ ಮೇಲೆ ನನ್ನ ಬಳಿ ಬಂದಳು.

"ಲೇ, ಶನಿವಾರ ನರಸೀಪುರಕ್ ಓಗವ. ಸರೋಜನ್ ಮನೇಲಿ ಆ ಕತೆ ಏನಾಯ್ತು ನೋಡ್ಕ ಬರವ."

"ನಾನ್ಯಾಕೆ ದೊಡ್ಡವ್ವ?"

"ನೀನ್ ನಕಲು ತೆಗೆಯೋನಲ್ವಾ? ನಾನೊಬ್ಳೇ ಯೋಳುದ್ರೆ ಮುದ್ಕಿ ಕತೆ ಕಟ್ತಳೆ ಅಂತರೆ. ನಿನ್ ಮಾತ್ನ ನಂಬ್ತರೆ."

ಅದು ನಿಜ. ನಾನು ನಂಜನಗೂಡಿನ ಒಂದು ಕಚೇರಿಯಲ್ಲಿ ನಕಲು ಬರೆಯುವ ಕೆಲಸದಲ್ಲಿದ್ದೆ. ಅಸಲಿನಲ್ಲಿ ಕಾಗುಣಿತ ತಪ್ಪಿದ್ದರೆ ನಕಲಿನಲ್ಲೂ ಅದೇ ತಪ್ಪಿರಬೇಕು ಎಂಬುದು ಅಲ್ಲಿಯ ನಿಯಮ. ನನ್ನ ಸ್ವಭಾವವೂ ಅದೇ ಆಗಿಹೋಗಿತ್ತು. ಮದುವೆಯ ಊಟ ಹೇಗಿತ್ತು ಎಂದು ಅವ್ವ ಕೇಳಿದರೆ ಎಲೆಯ ತುದಿಯ ಉಪ್ಪಿನಿಂದ ಶುರು ಮಾಡುತ್ತಿದ್ದೆ. ಪಾಯಸಕ್ಕೆ ಬರುವಷ್ಟರಲ್ಲಿ ಅವಳು ಎದ್ದು ಹೋಗಿರುತ್ತಿದ್ದಳು.

ನರಸೀಪುರದ ಮನೆಯಲ್ಲಿ ಟಿವಿ ಹಚ್ಚಿದ ಮೇಲೆ ದೊಡ್ಡವ್ವ ಪರದೆಯ ಹತ್ತಿರಕ್ಕೆ ಸರಿದು ನೋಡಿದಳು. ಆಮೇಲೆ, "ಇದ್ರಲ್ಲಿ ಯಾರ್ಗೂ ನೆಳ್ಳಿಲ್ವಲ್ಲಾ?" ಎಂದಳು.

ಪುಟ್ಟಸ್ವಾಮಿ ನಕ್ಕ. "ಅತ್ತೆ, ಅದು ಆಂಟೆನಾ ದೋಸ. ಕಂಬ ಸರಿಯಾಗಿ ತಿರುಗ್ಸುದ್ರೆ ಓಯ್ತದೆ."

ನಾನು ಆಗಲೇ ಗಾಳಿ ಬೀಸಿದ್ದನ್ನೂ ಕಂಬ ತಿರುಗಿಸಿದ್ದನ್ನೂ ಹೇಳಿದೆ. ದೊಡ್ಡವ್ವ ನನ್ನ ಕೈಗಳನ್ನು ನೋಡಿದಳು. ಮಾರನೆಯ ಬೆಳಗ್ಗೆ ಹೊಳೆಗಳು ಕೂಡುವಲ್ಲಿ ಮೆಟ್ಟಿಲ ಮೇಲೆ ಕುಳಿತಾಗ ಅವಳ ಮುಖ ಹಗುರಾಗಿತ್ತು. "ಅಂಗಾರೆ ಆ ಎಣ್ಣು ದೆವ್ವ ಅಲ್ದೇ ಇರ್ಬೋದು ಕಣ್ಲಾ" ಎಂದಳು. ಯಾವ ಹೊಳೆಯ ನೀರು ಎಲ್ಲಿ ಮುಗಿಯಿತೆಂದು ಮಂಜಿನಲ್ಲಿ ಗೊತ್ತಾಗುತ್ತಿರಲಿಲ್ಲ.

ಶನಿವಾರ ಹೋಗುವುದು, ಭಾನುವಾರದ ಮೊದಲ ಬಸ್ಸಿಗೆ ಬರುವುದು ನಡೆಯಿತು. ಅರೆನಿದ್ದೆಯಲ್ಲಿ ಕಿಟಕಿಗೆ ತಲೆ ಆನಿಸಿದರೆ ಗದ್ದೆಯಂಚಿನಲ್ಲಿ ನಿಂತ ಹೆಂಗಸರು ಬಸ್ಸಿನ ಸದ್ದಿಗೆ ತಿರುಗುತ್ತಿದ್ದರು. ಅವರಲ್ಲಿ ಯಾರು ಕತ್ತು ತಿರುಗಿಸಿದರು, ಯಾರು ಮೈ ತಿರುಗಿಸಿದರು ಎಂದು ನಾನು ಗಮನಿಸತೊಡಗಿದ್ದೆ. ಧಾರಾವಾಹಿಯ ಕಂತುಗಳೂ ಸೊಸೆಯ ಕಡೆಗೇ ವಾಲುತ್ತಿದ್ದವು. ಅನುಮಾನ ಮೈದುನನ ಮೇಲೆ ಹೋಯಿತು, ಅತ್ತೆಯ ಮೇಲೆ ಹೋಯಿತು. ದೊಡ್ಡವ್ವ ಪ್ರತಿ ಸಲ ಉಸಿರು ಬಿಡುತ್ತಿದ್ದಳು.

ಕೊನೆಯ ಕಂತಿನಲ್ಲಿ ಸೊಸೆಯೇ ದೆವ್ವ ಎಂದು ತೋರಿಸಿದರು. ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸಿದರು. ಅವಳ ತೊಡೆಯ ಮೇಲೆ ಮಲಗಿದ್ದ ಮಗು ಕಣ್ಣುಬಿಟ್ಟಾಗ ಪಾಳುಬಾವಿಯ ಪಕ್ಕ ಬರಿ ನೆಲದ ಮೇಲಿತ್ತು. ಸರೋಜ ಚಪ್ಪಾಳೆ ತಟ್ಟಿ, "ನಮ್ಮವ್ವ ಮೊದ್ಲೇ ಯೋಳಿರ್ಲಿಲ್ವಾ!" ಎಂದಳು. ತನ್ನ ಮಾತು ಗೆದ್ದದ್ದಕ್ಕೆ ಅಷ್ಟು ದುಃಖಪಟ್ಟ ಮುಖವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರುದಿನ ದೊಡ್ಡವ್ವ ಬಸ್ಸಿಳಿದು ನೇರವಾಗಿ ಅಂಗನವಾಡಿಯ ಜಗಲಿಗೆ ಹೋದಳು. ಭಾನುವಾರವಾದ್ದರಿಂದ ಬಾಗಿಲು ಹಾಕಿತ್ತು; ಬೋರಿನ ಬಳಿ ನೀರಿಗೆ ಬಂದ ಹೆಂಗಸರು ಸುತ್ತುವರಿದರು.

"ಮೊದಲ್ನೇ ಕಂತು ನೋಡಿ ನಾನ್ ಯೋಳಿದ್ದು ತಪ್ಪು ಕಣ್ರವ್ವ," ಎಂದಳು. "ಆ ಎಣ್ಣು ದೆವ್ವ ಅಲ್ಲ."

ನಾನು ತಿರುಗಿ ಅವಳನ್ನು ನೋಡಿದೆ. ಅವಳು ಕತೆ ಹೇಳತೊಡಗಿದಳು. ಅತ್ತೆಯೇ ಬಿಳಿ ದುಪ್ಪಟಿ ಹೊದ್ದು ಓಡಾಡುತ್ತಿದ್ದಳಂತೆ. ಸೊಸೆ ಜೋಕಾಲಿಯಿಂದ ಬಿದ್ದು ಕತ್ತು ನೋಯಿಸಿಕೊಂಡಿದ್ದಳಂತೆ. ಕಡೆಯಲ್ಲಿ ಬಾವಿಗೆ ಬಿದ್ದ ಮಗುವನ್ನು ಆ ಸೊಸೆಯೇ ಎತ್ತಿದಳಂತೆ. ಅವಳು ಉಟ್ಟಿದ್ದ ಸೀರೆಯ ಅಂಚಿನ ಬಣ್ಣವನ್ನೂ ಹೇಳಿದಳು. ಅದೊಂದು ಮಾತ್ರ ನಿಜವಾಗಿತ್ತು.

ಹಿಂದೆ ನಿಂತಿದ್ದ ಮಾದಪ್ಪ ಅಡ್ಡ ಬಂದ. "ಐ, ಎಮ್ಮರಗಾಲ್ದಲ್ಲಿ ನಮ್ ಬಾಮೈದ ರಾಚಪ್ಪ ನೋಡವ್ನೆ. ನಿನ್ನೆ ರಾತ್ರಿ ನಮ್ಮನೇಗ್ ಬಂದಿದ್ದ. ಅವಳೇ ದೆವ್ವವಂತೆ!"

"ನಿನ್ ಬಾಮೈದ ನಮ್ ಸರೋಜನ್ ಮದ್ವೇಲಿ ಪಾಯ್ಸಕ್ಕೆ ಸಾರ್ ಕಲಸ್ಕಂಡು ಉಂಡೋನು," ಎಂದಳು ದೊಡ್ಡವ್ವ. "ಅವನ್ ಕಣ್ಣು ತಕ್ಕೊಂಡ್ ಏನ್ ಮಾಡಾನ?"

ಎಲ್ಲರೂ ನಕ್ಕರು, ಆದರೆ ಪೂರ್ತಿ ನಗಲಿಲ್ಲ. ಒಬ್ಬಳು, "ಕೆಂಪಕ್ಕ, ನೀ ಯಾವತ್ತೂ ತಪ್ಪೋಳಲ್ವಲ್ಲ" ಎಂದಳು. "ಈ ಕಿತಾ ತಪ್ಪುದೆ. ವಯಸ್ಸಾಯ್ತು, ಕಣ್ಣು ಮಂಜು," ಎಂದು ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗ ಮಾದಪ್ಪ ನನ್ನ ಕಡೆ ತಿರುಗಿದ. "ನೀನೂ ನೋಡ್ದೇನ್ಲಾ?"

ಎಲ್ಲರೂ ನನ್ನನ್ನೇ ನೋಡಿದರು. ದೊಡ್ಡವ್ವ ಮಾತ್ರ ನೋಡಲಿಲ್ಲ.

"ನೋಡ್ದೆ," ಎಂದೆ. "ದೊಡ್ಡವ್ವನ ಪಕ್ಕದಲ್ಲೇ ಕೂತು ಕಡೇವರ್ಗೂ ನೋಡ್ದೆ. ಅವತ್ತು ನಮ್ ಟಿವೀಲಿ ನೆಳ್ಳು ಓದದ್ದು ನಾನ್ ಕಂಬ ತಿರುಗ್ಸಿದ್ಕೆ."

ನಾನು ಹೇಳಿದ ಎರಡೂ ಮಾತು ಅಸಲಿಗೆ ಸರಿಯಾಗಿದ್ದವು. ಮೂರನೆಯದನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಸೋಮವಾರ ಮಕ್ಕಳು ಬಂದವು. ಅಂಗನವಾಡಿ ಉಳಿಯಿತು. ಕರೆಂಟು ಬಂದ ಮೇಲೆ ಹೊಸ ಧಾರಾವಾಹಿ ಶುರುವಾದಾಗ ದೊಡ್ಡವ್ವನನ್ನು ಯಾರೂ ಏನೂ ಕೇಳಲಿಲ್ಲ. ಅವಳಿಗೆ ಕಣ್ಣು ಮಂಜೆಂದು ಎಲ್ಲರಿಗೂ ಗೊತ್ತಾಗಿತ್ತು. ಅವಳೂ ಉಳಿದವರ ಹಾಗೆ ಪ್ರತಿ ವಾರ ಟಿವಿಯ ಕಡೆಗೆ ಮುಖ ಮಾಡಿ ಕುಳಿತು, ಎಲ್ಲರೊಂದಿಗೆ ಬೆರಗಾದಳು.

ಇಷ್ಟು ವರ್ಷ ಈ ಗುಟ್ಟಿನ ಭಾರವನ್ನು ಹೊತ್ತವನು ನಾನೊಬ್ಬನೇ ಎಂದು ಸ್ವಲ್ಪ ಜಂಬವೂ ಇತ್ತು. ರಿಪೇರಿ ಅಂಗಡಿಯ ಮುಂದೆ ನಿಂತು ಬಂದ ಮರುದಿನ ಕವಲಂದೆಗೆ ಹೋದೆ. ಗೌರಮ್ಮನಿಗೆ ನಿವೃತ್ತಿಯಾಗಿ ಬಹಳ ವರ್ಷಗಳಾಗಿವೆ. ಕಾಫಿ ಕುಡಿಯುತ್ತಾ, ದೊಡ್ಡವ್ವ ಹೇಳಿದ್ದು ಸುಳ್ಳೆಂದು ಹೇಗೆ ತಿಳಿಸುವುದು ಎಂದು ತಡವರಿಸಿದೆ.

"ನನಗ್ ಗೊತ್ತಪ್ಪ," ಎಂದರು ಅವರು. "ಆ ಕಡೇ ಕಂತ್ನ ನಾನೂ ನೋಡಿದ್ದೆ, ಇದೇ ಮನೇಲಿ, ನಮ್ಮವ್ವನ ಜೊತೆ. ಇನ್ ಕೆಲ್ಸಕ್ ಓಗದೇ ಬ್ಯಾಡ ಅಂತ ಕೂತ್ಕಂಬುಟ್ಟಿದ್ದೆ. ನಮ್ಮವ್ವನೇ ಸೋಮವಾರ ದಬ್ಬಿ ಬಸ್ ಅತ್ತಿಸುದ್ಲು. ಓಗ್ ನೋಡ್ತೀನಿ, ಚಾಪೆ ತುಂಬಾ ಮಕ್ಳು! ಕೆಂಪಜ್ಜಿ ಕತೆ ಯೋಳ್ತು ಅಂದ್ವು."

"ದೊಡ್ಡವ್ವನಿಗೆ ನೀವು ಏನೂ ಹೇಳಲಿಲ್ಲವೇ?"

"ಏನ್ ಯೋಳ್ಲಪ್ಪ? ಸಿಕ್ದಾಗೆಲ್ಲ ಆ ಕತೇನ ನನಗೂ ಯೋಳೋರು. ಮಗುನ ಬಾವಿಯಿಂದ ಎತ್ತುದ್ಲು ಅನ್ನೋರು. ನಾನೂ ಊಂ ಅಂತಿದ್ದೆ."

ದೊಡ್ಡವ್ವ ಹೋಗಿ ಬಹಳ ವರ್ಷವಾಯಿತು. ಪುಟ್ಟಸ್ವಾಮಿ ಇಲ್ಲ, ಗೌರಮ್ಮನ ತಾಯಿ ಇಲ್ಲ. ಆ ಕೊನೆಯ ಕಂತನ್ನು ಕಣ್ಣಾರೆ ಕಂಡವರಲ್ಲಿ, ನಾನು ಬಲ್ಲಂತೆ, ಈಗ ಬದುಕಿರುವವರು ಇಷ್ಟು ಮಂದಿ. ನರಸೀಪುರದಲ್ಲಿ ಸರೋಜ. ಕವಲಂದೆಯಲ್ಲಿ ಗೌರಮ್ಮ. ನಂಜನಗೂಡಿನಲ್ಲಿ ನಾನು. ಮತ್ತೆ ಹೆಮ್ಮರಗಾಲದಲ್ಲಿ ಮಾದಪ್ಪನ ಬಾಮೈದ ರಾಚಪ್ಪ. ಅವನು ಕಂಡದ್ದು ಸರಿಯಾಗಿತ್ತು.